ಪಿಸ್ಟನ್ ಕರಗಿಸಿ ಪುಲ್ಲಿ ಮಾಡಿದೆ: ಹಿತ್ತಲ ಎರಕದಲ್ಲಿ ನನ್ನ ಅನುಭವ

ತಿಪಟೂರಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಎರಕ ಹೊಯ್ಯುವುದು ಭಾನುವಾರದ ಹುಚ್ಚು. ಗುಜರಿ ಅಲ್ಯೂಮಿನಿಯಂನಲ್ಲಿ ಮನೆ ಹಿತ್ತಲಲ್ಲಿ ಹೊಯ್ದ ಪುಲ್ಲಿ ಲೇತ್‌ಗೆ ಹತ್ತಿಸಿದರೆ ಒಳಗೆಲ್ಲ ಜರಡಿಯಂಥ ತೂತು ಕಾಣುತ್ತೆ ಅಂತ ಪಕ್ಕದ ಲೇತ್ ಅಂಗಡಿಯವನು ಮೊದಲಿಂದಲೂ ಹೇಳುತ್ತಿದ್ದ. ಶಿವಮೊಗ್ಗದ ಫೌಂಡ್ರಿಯಲ್ಲಿ ಮೌಲ್ಡರ್ ಆಗಿ ದುಡಿದು ಬಂದ ನಮ್ಮ ಭಾವನೂ "ಇದ್ದಿಲಲ್ಲಿ ಆಗೋ ಕೆಲ್ಸ ಅಲ್ಲ ಬಿಡಪ್ಪ" ಅಂದಿದ್ದರು. ಈಗ ನಾನು ಹೊಯ್ದ ಎರಡು ಗ್ರೂವಿನ, ಬಿ ಸೆಕ್ಷನ್ ಅಳತೆಯ ಬೆಲ್ಟ್ ಓಡುವ ಪುಲ್ಲಿ, ತೋಟದಲ್ಲಿ ತೆಂಗಿನ ಗರಿ ಪುಡಿ ಮಾಡುವ ಯಂತ್ರಕ್ಕೆ ಕೂತು ಎರಡನೇ ಮಳೆಗಾಲ ನೋಡುತ್ತಿದೆ. ಆ ಅಳತೆಯ ಬೋರ್ (ನಡುವಿನ ತೂತು) ಇರುವ ಪುಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ, ಅದಕ್ಕೇ ಹಟ ಹಿಡಿದಿದ್ದು.

ಕುಲುಮೆ, ಲೋಹ ಕರಗಿಸುವ ಮೂಸೆ, ಇಕ್ಕಳ ಎಲ್ಲ ನಿಮ್ಮ ಹತ್ತಿರವೂ ಇರುತ್ತದೆ, ಅದನ್ನು ಬಿಡೋಣ. ದುಡ್ಡು ಕಳೆದದ್ದು ಮಾಲಿನಲ್ಲಿ. ಮೊದಲು ತಂಪುಪಾನೀಯದ ಕ್ಯಾನು. ಒಂದು ಕೆಜಿಗೆ ಎಪ್ಪತ್ತಕ್ಕಿಂತ ಹೆಚ್ಚು ಕ್ಯಾನು ಬೇಕು, ತಗಡು ತೆಳ್ಳಗಿರುವುದರಿಂದ ಕರಗುವುದಕ್ಕಿಂತ ಸುಟ್ಟು ಕಿಟ್ಟವಾಗುವುದೇ ಜಾಸ್ತಿ. ಆಮೇಲೆ ಕಿಟಕಿ ಸೆಕ್ಷನ್ ತುಂಡು. ನೋಡಲು ಅಚ್ಚುಕಟ್ಟು, ಕೆಜಿಗೆ ನೂರೈವತ್ತರ ಮೇಲೆ ಕೊಟ್ಟ ನೆನಪು. ಅದು ಅಚ್ಚಿನ ಮೂಲೆಗೆ ಹರಿಯುವುದೇ ಇಲ್ಲ, ಹರಿದರೂ ಆರುವಾಗ ಪುಲ್ಲಿಯ ಕಡ್ಡಿಗಳ ಬುಡದಲ್ಲಿ ಬಿರುಕು. ಸೆಕ್ಷನ್ ಎಳೆಯುವುದಕ್ಕೆಂದೇ ಮಾಡಿದ ಮಿಶ್ರಲೋಹ ಅದು, ಎರಕಕ್ಕಲ್ಲ. ಹಳೆ ಪಾತ್ರೆಯದೂ ಅದೇ ಹಣೆಬರಹ.

ದಾರಿ ತೋರಿಸಿದ್ದು ಪಿಸ್ಟನ್. ಪಿಸ್ಟನ್ ಲೋಹದಲ್ಲಿ ಸಿಲಿಕಾನ್ 12% ಆಸುಪಾಸು ಇರುತ್ತದೆ. ಬರೀ ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಬೇಕು, ಇದು 580ರ ಹತ್ತಿರವೇ ನೀರಾಗುತ್ತದೆ, ಸಣ್ಣ ಸಂದಿಗೂ ನುಗ್ಗುತ್ತದೆ. ಬೈಕ್ ಮೆಕ್ಯಾನಿಕ್‌ಗಳು ಮೊದಮೊದಲು ಪುಕ್ಕಟೆ ಕೊಟ್ಟರು. ಇವನು ಏನೋ ಮಾಡ್ತಾನೆ ಅಂತ ವಾಸನೆ ಹತ್ತಿದ ಮೇಲೆ ಗುಜರಿಯವನು ಎಲ್ಲ ಎತ್ತಿಟ್ಟುಕೊಂಡು ನನಗೇ ರೇಟು ಹೇಳಲು ಶುರು ಮಾಡಿದ. ರಿಂಗು, ಗಜನ್ ಪಿನ್, ಸರ್ಕ್ಲಿಪ್ ಅಂತ ಅದಕ್ಕೆ ಹತ್ತಿದ ಕಬ್ಬಿಣದ ಸಾಮಾನೆಲ್ಲ ಕಿತ್ತು, ಮೇಲಿನ ಮಸಿ ವೈರ್ ಬ್ರಷ್‌ನಲ್ಲಿ ಉಜ್ಜಿಯೇ ಮೂಸೆಗೆ ಹಾಕಬೇಕು. ಟ್ರ್ಯಾಕ್ಟರ್ ಪಿಸ್ಟನ್ ಒಂದೇ ಕೆಜಿ ಮೇಲೆ ತೂಗುತ್ತದೆ ಅಂತ ಖುಷಿಪಡಬೇಡಿ, ಮೇಲಿನ ರಿಂಗಿನ ಜಾಗದಲ್ಲಿ ಕಬ್ಬಿಣದ ಬಳೆ ಕೂರಿಸಿರುತ್ತಾರೆ. ಲೋಹ ಕರಗಿದ ಕೂಡಲೇ ಅದನ್ನು ಕೊಕ್ಕೆಯಿಂದ ಎತ್ತಿಬಿಡಿ, ತಡ ಮಾಡಿದಷ್ಟೂ ಕಬ್ಬಿಣ ಲೋಹಕ್ಕೆ ಇಳಿದು ಎರಕ ಪೆಡಸಾಗುತ್ತದೆ. ಇದೇ ಕಾರಣಕ್ಕೆ ಕಬ್ಬಿಣದ ಪೈಪಿಗೆ ತಳ ವೆಲ್ಡ್ ಮಾಡಿದ ಮೂಸೆ ಬಿಟ್ಟು ಗ್ರಾಫೈಟ್‌ಗೆ ಹೋದೆ. ಬೆಂಗಳೂರಿನಿಂದ ತರಿಸಿದ್ದು, ಸಾವಿರದ ಇನ್ನೂರೋ ಮುನ್ನೂರೋ ಆಯಿತು.

ಬೆಂಕಿಗೆ ತೆಂಗಿನ ಚಿಪ್ಪಿನ ಇದ್ದಿಲು. ಕೊಬ್ಬರಿ ಊರಲ್ಲಿ ಚಿಪ್ಪಿಗೇನು ಬರ ಅನ್ನಬೇಡಿ, ಆಕ್ಟಿವೇಟೆಡ್ ಕಾರ್ಬನ್ ಕಾರ್ಖಾನೆಗಳಿಗೆ ಹೋಗುವ ಮಾಲಾದ್ದರಿಂದ ಅದಕ್ಕೂ ಬೆಲೆ ಇದೆ. ಸೌದೆ ಇದ್ದಿಲಿಗಿಂತ ಬೂದಿ ಕಮ್ಮಿ, ಕಾವು ಗಟ್ಟಿ. ಆದರೆ ಪುಡಿ ಇದ್ದರೆ ಗಾಳಿ ಹೋಗದೆ ಕುಲುಮೆ ಉಸಿರುಗಟ್ಟುತ್ತದೆ. ಜಾಲರಿಯಲ್ಲಿ ಹಿಡಿದು ಹೆಬ್ಬೆರಳಿಗಿಂತ ದೊಡ್ಡ ಚೂರನ್ನೇ ಹಾಕುತ್ತೇನೆ. ಬ್ಲೋವರ್‌ಗೆ ಕೆಟ್ಟ ವ್ಯಾಕ್ಯೂಮ್ ಕ್ಲೀನರ್‌ನ ಮೋಟರ್. ಸುತ್ತಿದ್ದು ನಾನೇ, ಕೇಳಿದವರಿಗೆ ತೋರಿಸುತ್ತೇನೆ.

ಇನ್ನು ತೂತಿನ ವಿಷಯ. ಚೆನ್ನಾಗಿ ಕಾದರೆ ಚೆನ್ನಾಗಿ ಹರಿಯುತ್ತೆ ಅಂತ ಎಲ್ಲರೂ ಮೂಸೆ ಕಿತ್ತಳೆ ಬಣ್ಣಕ್ಕೆ ಬರುವವರೆಗೆ ಗಾಳಿ ಒತ್ತುತ್ತಾರೆ. ಅಲ್ಲೇ ಕೆಡುವುದು. ಕಾವು ಏರಿದಷ್ಟೂ ಲೋಹ ತೇವದಿಂದ ಹೈಡ್ರೋಜನ್ ಕುಡಿಯುತ್ತದೆ, ಆರುವಾಗ ಅದನ್ನೇ ಕಕ್ಕುತ್ತದೆ. ಲೇತ್‌ನವನು ಹೇಳುತ್ತಿದ್ದ ಜರಡಿ ಅದೇ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಕೆ ಟೈಪ್ ಥರ್ಮೋಕಪಲ್ (ಕಾವು ಅಳೆಯುವ ಕಡ್ಡಿ) ತಂದು 700ರಿಂದ 720ರ ಒಳಗೆ ಹೊಯ್ಯಲು ಶುರು ಮಾಡಿದ ಮೇಲೆ ಮುಕ್ಕಾಲು ಪಾಲು ತೂತು ನಿಂತುಹೋಯಿತು. ಆ ಕಡ್ಡಿಯನ್ನು ಲೋಹದಲ್ಲಿ ಅದ್ದಿ ಅಲ್ಲೇ ಬಿಡಬೇಡಿ, ಅಲ್ಯೂಮಿನಿಯಂ ಅದರ ಸ್ಟೀಲ್ ತೊಗಲನ್ನೂ ತಿನ್ನುತ್ತದೆ.

ಹೊಯ್ಯುವ ಮುಂಚೆ ಒಂದು ಚಮಚ ಲೋಹವನ್ನು ಒಣಗಿದ, ಬಿಸಿ ಮಾಡಿದ ಕಬ್ಬಿಣದ ಬಟ್ಟಲಿಗೆ ಬಿಟ್ಟು ಕೂತು ನೋಡುತ್ತೇನೆ. ಮೇಲ್ಮೈ ಕನ್ನಡಿ ಥಳಥಳ ಬಿಟ್ಟು ಮಂಕಾಗುತ್ತಾ ಅಂಚಿನಿಂದ ಗಟ್ಟಿಯಾಗುತ್ತದೆ. ಕೊನೆಗೆ ನಡು ಒಳಕ್ಕೆ ಕುಸಿದು ಗುಳಿ ಬಿದ್ದರೆ ಲೋಹ ಸರಿ ಇದೆ. ನಡು ಉಬ್ಬಿ, ಸೂಜಿಮೊನೆಯಷ್ಟು ಗುಳ್ಳೆ ಎದ್ದು ಒಡೆದರೆ ಗ್ಯಾಸು ತುಂಬಿದೆ ಅಂತ ಅರ್ಥ, ಆವತ್ತು ಇಂಗಾಟ್ (ಬರೀ ಲೋಹದ ಗಟ್ಟಿ) ಹೊಯ್ದು ಎತ್ತಿಡುತ್ತೇನೆ. ಕಿಟ್ಟ ಬೇರ್ಪಡಿಸಲು ಅಡಿಗೆ ಉಪ್ಪಿನ ಜೊತೆ ಪೊಟ್ಯಾಶ್ ಗೊಬ್ಬರ, ಎರಡನ್ನೂ ಬಾಣಲೆಯಲ್ಲಿ ಹುರಿದು ತೇವ ತೆಗೆದು ಹಾಕುತ್ತೇನೆ. ಬಾಣಲೆ ಯಾರದು ಅಂತ ಮನೆಯವಳು ಕೇಳಿದ್ದಕ್ಕೆ ಹೊಸದು ತಂದುಕೊಟ್ಟೆ, ಅದೂ ಖರ್ಚಿನಲ್ಲಿ ಸೇರಿಸಿ.

ಅಚ್ಚಿನ ಮರಳಿಗೆ ಅಂಟು ಬೆಂಟೋನೈಟ್ ಅನ್ನುವ ಜೇಡಿ. ಫೌಂಡ್ರಿ ಸಾಮಾನಿನ ಅಂಗಡಿ ಹುಡುಕಿ ಬೆಳಗಾವಿಗೆ ಹೋಗಬೇಕಿಲ್ಲ. ಅರ್ಥಿಂಗ್ ಗುಂಡಿಗೆ ಹಾಕುವ ಬೆಂಟೋನೈಟ್ ಚೀಲ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ, ಬೇರೇನೂ ಬೆರೆಸದ್ದು ಕೇಳಿ ತನ್ನಿ. ಎಂ ಸ್ಯಾಂಡ್ ಬೇಡ, ಮೈ ಒರಟು ಬರುತ್ತದೆ. ನೂರಕ್ಕೆ ಎಂಟು ಬೆಂಟೋನೈಟ್, ನೀರು ಮೂರೋ ನಾಲ್ಕೋ. ಇವೆರಡಲ್ಲದೆ ಇನ್ನೊಂದನ್ನು ಸ್ವಲ್ಪ ಬೆರೆಸುತ್ತೇನೆ, ಎರಕದ ಮೈ ನುಣುಪಾಗಿ ಬರಲು. ಅದೇನು ಅಂತ ಭಾವನೂ ಕೇಳಿದರು, ಹೇಳಿಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಅಷ್ಟು ಸಾಕು.

ಉಳಿದಿದ್ದು ಪುಲ್ಲಿಯ ಬಾಸ್, ಅಂದರೆ ಬೋರ್ ಸುತ್ತಲಿನ ದಪ್ಪ ನಡು. ಅಂಚು ಬೇಗ ಆರುತ್ತದೆ, ನಡುವಿನ ದಪ್ಪ ಭಾಗ ತಡವಾಗಿ ಆರಿ ಒಳಗೆ ಪೊಳ್ಳಾಗುತ್ತದೆ. ಬೋರ್ ಹಾಕುವಾಗ ಟೂಲ್ ಟಕ್ಕಂತ ಆ ಪೊಳ್ಳಿಗೆ ಬೀಳುವುದು, ಲೇತ್‌ನವನು ನನ್ನ ಮುಖ ನೋಡುವುದು, ಮಜೂರಿ ಮಾತ್ರ ಪೂರ್ತಿ. ಬಾಸ್ ಮೇಲೆಯೇ ಅದಕ್ಕಿಂತ ಅಗಲದ ರೈಸರ್ (ಹೆಚ್ಚುವರಿ ಲೋಹ ತುಂಬಿ ನಿಲ್ಲುವ ಕಂಬ) ನಿಲ್ಲಿಸಿದೆ, ಅರ್ಧ ಸರಿಯಾಯಿತು. ಪೂರ್ತಿ ಸರಿಯಾಗಿದ್ದು ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟಿನ ಬೂದಿ ತಂದ ಮೇಲೆ. ಲೋಹ ರೈಸರ್ ತುಂಬಿ ಮೇಲೆ ಬಂದ ಕ್ಷಣವೇ ಅದರ ತಲೆಗೆ ಎರಡು ಬೆರಳು ದಪ್ಪ ಒಣ ಬೂದಿ ಸುರಿದರೆ ಕಾವು ಮೇಲಕ್ಕೆ ಹೋಗುವುದಿಲ್ಲ. ರೈಸರ್ ಕೊನೆಯಲ್ಲಿ ಆರುತ್ತದೆ, ಪೊಳ್ಳು ಅದರೊಳಗೇ ಉಳಿಯುತ್ತದೆ. ರೈಸರ್ ಕತ್ತರಿಸಿ ನೋಡಿದರೆ ಕಡಲೆಕಾಯಿ ಹಿಡಿಸುವಷ್ಟು ಗುಂಡಿ ಅಲ್ಲೇ ಇತ್ತು. ಬಾಸ್ ಗಟ್ಟಿ. ಆವತ್ತು ಲೇತ್‌ನವನು ಇನ್ನೊಂದು ಕಟ್ ಹಾಕಿ ನೋಡಿದ, ಮತ್ತೊಂದು ಹಾಕಿದ, ಆಮೇಲೆ "ಇದು ಕಂಪನಿ ಮಾಲು ಕಣಣ್ಣ" ಅಂದ. ಬರೆದಿಟ್ಟುಕೊಂಡಿದ್ದೇನೆ.

ನಡುನಡುವೆ ಬೇರೆ ಆಟಗಳೂ ಆದವು. ಸುಟ್ಟ ಮೋಟರಿನ ತಾಮ್ರದ ತಂತಿ, ಎನಾಮಲ್ ಸುಟ್ಟು ತೆಗೆದಿದ್ದು, ಸ್ವಲ್ಪ ಸೇರಿಸಿದರೆ ಲೇತ್ ಕೆಲಸ ಚೆನ್ನಾಗಿ ಬರುತ್ತದೆ. ತಾಮ್ರ ಕರಗಲು 1,085 ಡಿಗ್ರಿ ಬೇಕಲ್ಲ ಅನ್ನಬೇಡಿ, ಕಾದ ಅಲ್ಯೂಮಿನಿಯಂನಲ್ಲಿ ತಾನಾಗಿ ಬೆರೆಯುತ್ತದೆ. ಎಷ್ಟು ಅನ್ನುವುದು ನನ್ನ ಲೆಕ್ಕ. ಹಳೆ ನಲ್ಲಿಯ ಹಿತ್ತಾಳೆ ಕರಗಿಸಲು ಹೋದರೆ ಸತುವು ಬಿಳಿ ಹೊಗೆಯಾಗಿ ಏಳುತ್ತದೆ, ರಾತ್ರಿ ಚಳಿ ಜ್ವರ. ಮತ್ತೆ ಆ ತಂಟೆಗೆ ಹೋಗಿಲ್ಲ. ಅಲ್ಯೂಮಿನಿಯಂ ಗಂಟೆಯೂ ಹೊಯ್ದೆ, ಬಾರಿಸಿದರೆ ಡಬ್ ಅಂತು. ಕಂಚಿಗೆ ತವರ ಬೇಕು, ತವರದ ಬೆಲೆ ಕೇಳಿ ಸುಮ್ಮನಾದೆ. ಟಿವಿ ಪೆಟ್ಟಿಗೆಯ ಥರ್ಮಾಕೋಲನ್ನು ಕೊರೆದು ಒಣ ಮರಳಲ್ಲಿ ಹೂತು ಮೇಲೆ ಲೋಹ ಹೊಯ್ದರೆ ಅದು ಸುಟ್ಟು ಹೋಗಿ ಆ ಜಾಗಕ್ಕೆ ಎರಕ ಕೂರುತ್ತದೆ. ಬಾಗಿಲಿಗೆ ಹೆಸರಿನ ಅಕ್ಷರ ಹಾಗೇ ಮಾಡಿದ್ದು. ಮೈಯೆಲ್ಲ ಥರ್ಮಾಕೋಲ್ ಕಾಳಿನ ಗುರುತು, ಹೊಗೆ ಮಾತ್ರ ಕೆಟ್ಟದ್ದು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಲೆಕ್ಕ ಕೇಳುವವರಿಗೆ: ಒಂದು ಪುಲ್ಲಿಗೆ ಲೋಹ, ಇದ್ದಿಲು, ಲೇತ್ ಮಜೂರಿ ಸೇರಿ ಏಳುನೂರರ ಸುತ್ತ ಬಿದ್ದಿತ್ತು. ಕಲಿಯಲು ಸುರಿದದ್ದು ಹದಿನೈದು ಸಾವಿರ ದಾಟಿರಬೇಕು, ಅದನ್ನು ಪುಲ್ಲಿ ಮೇಲೆ ಹಂಚಬೇಡಿ.

ಪಿಸ್ಟನ್ ಸಿಗದ ಊರಿನವರು ಒಡೆದ ಅಲಾಯ್ ವೀಲ್ ತೆಗೆದುಕೊಳ್ಳಬಹುದು, ಸಿಲಿಕಾನ್ 7% ಹತ್ತಿರ, ಎರಕಕ್ಕೆ ಪರವಾಗಿಲ್ಲ. ಬ್ಯಾಲೆನ್ಸಿನ ಸೀಸ, ವಾಲ್ವ್ ಎಲ್ಲ ಕಿತ್ತು, ಸುತ್ತಿಗೆಯಲ್ಲಿ ಒಡೆದು, ಚೂರುಗಳನ್ನು ಕುಲುಮೆಯ ಅಂಚಿನಲ್ಲಿಟ್ಟು ಕಾಯಿಸಿ ತೇವ ಓಡಿಸಿದ ಮೇಲೆಯೇ ಮೂಸೆಗೆ. ಶಾಕ್ ಅಬ್ಸಾರ್ಬರ್ ಮಾತ್ರ ಇಡಿಯಾಗಿ ಯಾವತ್ತೂ ಹಾಕಬೇಡಿ, ಒಳಗಿನ ಎಣ್ಣೆ ಗ್ಯಾಸು ಸಿಡಿದರೆ ಕುಲುಮೆಯೇ ಹಾರುತ್ತದೆ.