ಸಸಿಹಿತ್ಲಿನಲ್ಲಿ ಗಾಳಿ ತಿರುಗುವ ಹೊತ್ತು: ಮುನ್ಸೂಚನೆಯನ್ನು ತಿದ್ದಿಕೊಂಡ ನನ್ನ ಅನುಭವ

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಬೆಳಗಿನ ಜಾವ ಮೂಲ್ಕಿಯ ಕಡೆ ಇಳಿದು, ಎರಡು ದಿನ ಕಡಲಿನಲ್ಲಿ ಕಳೆದು ಹಿಂದಿರುಗುವ ನಮ್ಮಂಥವರಿಗೆ ಹವಾಮಾನದ ಮುನ್ಸೂಚನೆಯೆಂದರೆ, ಸುಮಾರು 350 ಕಿಲೋಮೀಟರ್ ಪ್ರಯಾಣ ಮಾಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಸಂಜೆಯೊಳಗೆ ಸಿಗಬೇಕಾದ ಉತ್ತರ. ನಮ್ಮ ಗುಂಪಿನಲ್ಲಿ ಕೆಲವರು ಸರ್ಫಿಂಗ್ ಮಾಡುತ್ತಾರೆ, ಕೆಲವರು ಸಣ್ಣ ಹಾಯಿದೋಣಿ ನಡೆಸುತ್ತಾರೆ. ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೂಲ್ಕಿ ಬಳಿಯ ಸಸಿಹಿತ್ಲು ತೀರದ ಗಾಳಿಯ ಮುನ್ಸೂಚನೆಯನ್ನು ಜಯನಗರದ ಮನೆಯಲ್ಲಿ ಕುಳಿತು ತಿದ್ದುವ ಕೆಲಸದಲ್ಲಿ ಮೂರು ವರ್ಷಗಳಿಂದ ತೊಡಗಿದ್ದೇನೆ.

ಈ ಕೆಲಸಕ್ಕೆ ಕೈಹಾಕಲು ಕಾರಣವಾದದ್ದು ಒಂದು ಜನವರಿಯ ಶನಿವಾರ. ಬೆಳಗ್ಗೆ ಹನ್ನೊಂದಕ್ಕೆಲ್ಲ ಪಡುವಣ ಗಾಳಿ ಬಲಗೊಳ್ಳುತ್ತದೆ ಎಂದು ಫೋನಿನ ಮುನ್ಸೂಚನೆ ಹೇಳಿತ್ತು. ಗಾಳಿ ಬಂದದ್ದು ಮಧ್ಯಾಹ್ನ ಎರಡರ ನಂತರ. ಹಾಯಿದೋಣಿಯವರು ಹಾಯಿ ಕಟ್ಟಿಕೊಂಡು ಮರಳಿನ ಮೇಲೆ ಕಾದರು. ಹನ್ನೊಂದಕ್ಕೆ ಅಲೆ ಕೆಡುತ್ತದೆಂದು ನಂಬಿ ಬೇಗನೆ ನೀರಿನಿಂದ ಎದ್ದಿದ್ದ ಸರ್ಫಿಂಗ್ ಗೆಳೆಯರು, ಮಧ್ಯಾಹ್ನದವರೆಗೂ ನುಣುಪಾಗಿಯೇ ಉಳಿದಿದ್ದ ಅಲೆಗಳನ್ನು ದಡದಿಂದ ನೋಡಿದರು. ಮುಂಜಾನೆ ನೆಲದ ಕಡೆಯಿಂದ ಬೀಸುವ ಮೂಡಣ ಗಾಳಿ ಅಲೆಯ ಮುಖವನ್ನು ಎತ್ತಿ ಹಿಡಿಯುತ್ತದೆ; ಕಡಲಗಾಳಿ ಬಂದ ಸ್ವಲ್ಪ ಹೊತ್ತಿಗೆ ಅದೇ ಮುಖ ಮುರಿದು ಚದುರುತ್ತದೆ. ಹಾಯಿದೋಣಿಗೆ ಬೇಕಾದದ್ದು ಆ ಕಡಲಗಾಳಿಯೇ. ಒಬ್ಬರ ಆಟ ಮುಗಿಯುವ ಗಳಿಗೆಯಲ್ಲಿ ಇನ್ನೊಬ್ಬರ ಆಟ ಶುರುವಾಗುತ್ತದೆಯಾದ್ದರಿಂದ ಇಬ್ಬರೂ ಕೇಳುವ ಪ್ರಶ್ನೆ ಒಂದೇ ಎಂಬುದು ಆವರೆಗೆ ನನಗೆ ಹೊಳೆದಿರಲಿಲ್ಲ. ಅದನ್ನು ಬಿಡಿಸಿ ಹೇಳಿದವರು ಅಲ್ಲಿಯ ಒಬ್ಬ ಹಿರಿಯ ಮೀನುಗಾರರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. "ಗಾಳಿ ಎಷ್ಟು ಅಂತ ಆಮೇಲೆ ನೋಡುವ ಮಾರಾಯ್ರೆ, ಎಷ್ಟು ಹೊತ್ತಿಗೆ ತಿರುಗ್ತದೆ ಅಂತ ಮೊದಲು ಹೇಳಿ" ಎಂದರು. ಅಂದಿನಿಂದ ನನ್ನ ಕೆಲಸದ ಗುರಿ ಅದೇ ಆಯಿತು.

ಮುನ್ಸೂಚನೆ ತಪ್ಪುವುದೇಕೆ ಎಂದು ಹುಡುಕಿದಾಗ ಮೊದಲ ಕಾರಣ ನಕ್ಷೆಯಲ್ಲೇ ಸಿಕ್ಕಿತು. ನಾವು ಉಚಿತವಾಗಿ ಪಡೆಯುವ ಅಮೆರಿಕದ ಜಿಎಫ್ಎಸ್ ಎಂಬ, ಕಂಪ್ಯೂಟರಿನಲ್ಲಿ ಇಡೀ ಜಗತ್ತಿನ ಹವಾಮಾನವನ್ನು ಲೆಕ್ಕಹಾಕುವ ಮಾದರಿಯ ಅಂಕಿಗಳು 0.25 ಡಿಗ್ರಿ ಅಂತರದ ಬಿಂದುಗಳಲ್ಲಿ, ಅಂದರೆ ಹೆಚ್ಚುಕಡಿಮೆ 28 ಕಿಲೋಮೀಟರಿಗೆ ಒಂದರಂತೆ, ದೊರೆಯುತ್ತವೆ. ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ತೋಟ ಮತ್ತು ಗುಡ್ಡ, ಅದರಾಚೆಗೆ ಪಶ್ಚಿಮ ಘಟ್ಟ ಇರುವ ನಮ್ಮ ಕರಾವಳಿಯಲ್ಲಿ ಅಷ್ಟು ಅಗಲದ ಚೌಕವೊಂದು ಅರ್ಧ ನೆಲ, ಅರ್ಧ ನೀರು ಆಗಿಬಿಡುತ್ತದೆ. ನೆಲದ ಬಿಂದುವಿನಲ್ಲಿ ಮರಗಿಡಗಳ ತಡೆಯಿಂದ ಗಾಳಿ ಮಂದ, ಕಡಲಿನ ಬಿಂದುವಿನಲ್ಲಿ ಚುರುಕು. ಎರಡರ ನಡುವಿನ ಸರಾಸರಿ ಎಲ್ಲಿಯೂ ಬೀಸದ ಗಾಳಿ. ನಾನು ಸರಾಸರಿಯನ್ನು ಬಿಟ್ಟು ಕಡಲಿನ ಬಿಂದುವನ್ನೂ ನೆಲದ ಬಿಂದುವನ್ನೂ ಬೇರೆಬೇರೆಯಾಗಿ ತೆಗೆದುಕೊಂಡೆ. ಅವುಗಳ ನಡುವಿನ ವ್ಯತ್ಯಾಸವೇ ಮುಂದೆ ಬಹಳ ಉಪಯೋಗಕ್ಕೆ ಬಂತು.

ಆದರೆ ತೀರದಲ್ಲಿ ನಿಜವಾಗಿ ಏನು ಬೀಸುತ್ತಿದೆ ಎಂದು ಅಳೆಯದೆ ಏನನ್ನೂ ತಿದ್ದಲು ಬರುವುದಿಲ್ಲ. ಇಸ್ರೋದ ಓಷನ್‌ಸ್ಯಾಟ್ ಸರಣಿಯ ಉಪಗ್ರಹಗಳು ಕಡಲ ಮೇಲಿನ ಗಾಳಿಯನ್ನು ಚೆನ್ನಾಗಿ ಅಳೆಯುತ್ತವೆ, ಆದರೆ ದಡಕ್ಕೆ ತೀರ ಹತ್ತಿರ ನೆಲದ ಪ್ರತಿಫಲನ ಬೆರೆತು ಅಳತೆ ಕೆಡುತ್ತದೆ. ನಮಗೆ ಬೇಕಾದದ್ದು ಆ ಅಂಚೇ. ಹಾಗಾಗಿ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು, ಮೂರು ಬಟ್ಟಲು ತಿರುಗುವ ಒಂದು ಗಾಳಿಮಾಪಕವನ್ನು ಜೋಡಿಸಿದೆ. ಗಾಳಿಯಿಲ್ಲದ ಒಂದು ಮುಂಜಾನೆ ದೇವನಹಳ್ಳಿಯ ಕಡೆಯ ನೇರ ರಸ್ತೆಯಲ್ಲಿ ಕಾರಿನ ಮೇಲೆ ಉದ್ದನೆಯ ಕೋಲಿಗೆ ಅದನ್ನು ಕಟ್ಟಿ, ಬೇರೆಬೇರೆ ವೇಗಗಳಲ್ಲಿ ಹೋಗುತ್ತಾ ಬರುತ್ತಾ ಜಿಪಿಎಸ್ ವೇಗದೊಡನೆ ಹೋಲಿಸಿದೆ. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದರೆ ಅಳಿದುಳಿದ ಸಣ್ಣ ಗಾಳಿಯ ಪ್ರಭಾವ ಕಳೆಯುತ್ತದೆ. ಆಮೇಲೆ ಅದನ್ನು ಅಣ್ಣನ ಮನೆಯ ಬಳಿ ಕಡಲಿಗೆ ಎದುರಾಗಿ ಕಂಬಕ್ಕೆ ಏರಿಸಿದೆವು. ಹವಾಮಾನ ಶಾಸ್ತ್ರದ ರೂಢಿಯಂತೆ ಅಳತೆ 10 ಮೀಟರ್ ಎತ್ತರದಲ್ಲಿರಬೇಕು, ಸುತ್ತಲಿನ ಅಡ್ಡಿಗಳಿಂದ ಅವುಗಳ ಎತ್ತರದ ಹತ್ತು ಪಟ್ಟು ದೂರವಿರಬೇಕು. ತೆಂಗಿನ ತೋಟಗಳ ಊರಿನಲ್ಲಿ ಎರಡನೆಯದು ಸಾಧ್ಯವೇ ಇಲ್ಲ. ಪಡುವಣ ದಿಕ್ಕಾದರೂ ಬಯಲಾಗಿರಲಿ ಎಂದು ಆರಿಸಿಕೊಂಡೆ. ಗಾಳಿಯ ದಿಕ್ಕಿನ ಸರಾಸರಿ ತೆಗೆಯುವಾಗ ಹೊಸಬರು ಎಡವುವ ಜಾಗವೊಂದಿದೆ: 350 ಮತ್ತು 10 ಡಿಗ್ರಿಗಳನ್ನು ನೇರವಾಗಿ ಕೂಡಿ ಭಾಗಿಸಿದರೆ 180 ಬರುತ್ತದೆ, ಬಡಗಣ ಗಾಳಿ ತೆಂಕಣ ಗಾಳಿಯಾಗುತ್ತದೆ. ಗಾಳಿಯನ್ನು ಪೂರ್ವ-ಪಶ್ಚಿಮ ಮತ್ತು ಉತ್ತರ-ದಕ್ಷಿಣ ಎಂಬ ಎರಡು ಅಂಶಗಳಾಗಿ ಒಡೆದೇ ಲೆಕ್ಕ ಮಾಡಬೇಕು.

ಅಣ್ಣನೂ ತಮ್ಮದೇ ರೀತಿಯಲ್ಲಿ ದಾಖಲೆ ಇಡಲು ಒಪ್ಪಿದರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಪ್ರತಿ ದಿನದ ಚೌಕದೊಳಗೆ, ಗಾಳಿ ತಿರುಗಿದ ಗಂಟೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಆ ಕ್ಯಾಲೆಂಡರ್ ಎಷ್ಟು ಮುಖ್ಯವಾದದ್ದೆಂದು ತಿಳಿದದ್ದು ಎರಡನೆಯ ವರ್ಷದಲ್ಲಿ. ನನ್ನ ತಿದ್ದುಪಡಿಯ ಲೆಕ್ಕ ದಿನದಿನದ ಅಳತೆಯನ್ನು ನೋಡಿ ತನ್ನನ್ನು ತಾನೇ ಹೊಂದಿಸಿಕೊಳ್ಳುವಂಥದ್ದು. ಅದು ವಾರದಿಂದ ವಾರಕ್ಕೆ ಗಾಳಿಯನ್ನು ಕಡಿಮೆ ಹೇಳತೊಡಗಿತು, ತಿರುಗುವ ಹೊತ್ತನ್ನು ಮುಂದೂಡತೊಡಗಿತು. ಅಂಕಿಗಳ ಪ್ರಕಾರ ದೋಷ ಮಾತ್ರ ಕಡಿಮೆಯೇ ಇತ್ತು. ಕ್ಯಾಲೆಂಡರಿನ ಪೆನ್ಸಿಲ್ ಗುರುತುಗಳೊಂದಿಗೆ ಹೋಲಿಸಿದಾಗ ಸತ್ಯ ಹೊರಬಿತ್ತು. ಉಪ್ಪು ಮತ್ತು ಮರಳಿನಿಂದ ಬೇರಿಂಗ್ ಬಿಗಿದು, ನಸುಗಾಳಿಗೆ ಬಟ್ಟಲುಗಳು ತಿರುಗುವುದೇ ನಿಂತಿತ್ತು. ನನ್ನ ಲೆಕ್ಕ ಕಲಿತದ್ದು ಗಾಳಿಯನ್ನಲ್ಲ, ತುಕ್ಕನ್ನು. ಅಂದಿನಿಂದ ಮಂಗಳೂರು ವಿಮಾನ ನಿಲ್ದಾಣದ ಅರ್ಧ ಗಂಟೆಗೊಮ್ಮೆಯ ವರದಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಅದು ಬಜಪೆಯ ಗುಡ್ಡದ ಮೇಲಿರುವುದರಿಂದ ತೀರದ ಗಾಳಿಗೆ ಸಮನಲ್ಲ, ಆದರೆ ಎರಡರ ನಡುವಿನ ಅಂತರ ನಿಧಾನವಾಗಿ ಒಂದೇ ಕಡೆಗೆ ಸರಿಯುತ್ತಿದ್ದರೆ ಕಂಬ ಹತ್ತಬೇಕೆಂದು ತಿಳಿಯುತ್ತದೆ.

ಗಾಳಿ ತಿರುಗುವ ಹೊತ್ತನ್ನು ಹೇಳಲು ನನಗೆ ಬೇಕಾದ ಸೂಚಕಗಳು ಕೆಲವೇ. ನೆಲ ಕಡಲಿಗಿಂತ ಬೇಗ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಏರಿ, ಆ ಜಾಗಕ್ಕೆ ಕಡಲ ಕಡೆಯ ಗಾಳಿ ನುಗ್ಗುವುದೇ ಕಡಲಗಾಳಿ. ಆದ್ದರಿಂದ ನೆಲದ ಬಿಂದುವಿನ ಮತ್ತು ಕಡಲಿನ ಬಿಂದುವಿನ ಉಷ್ಣತೆಯ ಅಂತರ ಮೊದಲನೆಯದು. ಬೆಳಗಿನ ಮೋಡ ಎರಡನೆಯದು. ಮೂರನೆಯದು, ಆ ಜನವರಿಯ ಶನಿವಾರ ನಮ್ಮನ್ನು ಕಾಯಿಸಿದ್ದು: ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಬೀಸುವ ಮೂಡಣ ಗಾಳಿ. ಅದು ಬಲವಾಗಿದ್ದರೆ ಕಡಲಗಾಳಿಯನ್ನು ದಡದಾಚೆಗೇ ತಡೆದು ನಿಲ್ಲಿಸುತ್ತದೆ, ಕೊನೆಗೆ ಅದು ಒಳಬಂದಾಗ ಒಮ್ಮೆಲೇ ರಭಸದಿಂದ ಬರುತ್ತದೆ. ಸಣ್ಣ ದೋಣಿಯವರಿಗೆ ಇದು ಗೊತ್ತಿರಲೇಬೇಕು, ಏಕೆಂದರೆ ಹಾಯಿಯ ಮೇಲಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದದ್ದು. ಗಾಳಿಯ ವೇಗ 8 ನಾಟ್ (ಗಂಟೆಗೆ ಸುಮಾರು 15 ಕಿಲೋಮೀಟರ್) ಇದ್ದದ್ದು 16 ಆದರೆ ಒತ್ತಡ ನಾಲ್ಕು ಪಟ್ಟು. ಇವುಗಳಿಂದ ಒಂದೇ ಗಂಟೆಯನ್ನು ಹೇಳದೆ, ಬೇಗನೆ ಬಂದರೆ ಎಷ್ಟಕ್ಕೆ, ಬಹುಶಃ ಎಷ್ಟಕ್ಕೆ, ತಡವಾದರೆ ಎಷ್ಟಕ್ಕೆ ಎಂದು ಮೂರು ಹೊತ್ತುಗಳನ್ನು ಕೊಡುತ್ತೇನೆ. ಮಳೆಗಾಲದಲ್ಲಿ ಈ ಲೆಕ್ಕವನ್ನೇ ನಿಲ್ಲಿಸುತ್ತೇನೆ. ನೈಋತ್ಯ ಮಾರುತ ಹಗಲು ರಾತ್ರಿ ಬೀಸುವಾಗ ತಿರುಗುವ ಹೊತ್ತೆಂಬುದೇ ಇರುವುದಿಲ್ಲ.

ಪರೀಕ್ಷಿಸುವ ಹಂತದಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಮೊದಲು ನಾನು ಹೋಲಿಸಿದ್ದು ಮಾದರಿಯ ಪ್ರತಿ ಓಟದ (ಪ್ರತಿ ಬಾರಿ ಹೊಸದಾಗಿ ಮಾಡುವ ಲೆಕ್ಕದ) ಮೊದಲ ಗಂಟೆಗಳ ಅಂಕಿಗಳನ್ನು, ಅಂದರೆ ಆಗಷ್ಟೇ ನಿಜವಾದ ಅಳತೆಗಳನ್ನು ನುಂಗಿ ಹೊರಟ ಅಂಕಿಗಳನ್ನು. ಫಲಿತಾಂಶ ಬಹಳ ಚೆನ್ನಾಗಿ ಕಂಡಿತು, ಬಸ್ಸು ಹತ್ತುವವರಿಗೆ ಮಾತ್ರ ಉಪಯೋಗವಾಗಲಿಲ್ಲ. ಜಿಎಫ್ಎಸ್ ದಿನಕ್ಕೆ ನಾಲ್ಕು ಬಾರಿ ಓಡುತ್ತದೆ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 5:30, 11:30, ಸಂಜೆ 5:30 ಮತ್ತು ರಾತ್ರಿ 11:30. ಫಲಿತಾಂಶ ಹೊರಬರಲು ಮೂರೂವರೆ ಗಂಟೆಯಾದರೂ ಬೇಕು. ಆದ್ದರಿಂದ ಶುಕ್ರವಾರ ಸಂಜೆ ಆರಕ್ಕೆ ನಿರ್ಧರಿಸುವವನ ಕೈಗೆ ಸಿಗುವುದು 11:30ರ ಓಟ ಮಾತ್ರ, ಅದರಿಂದ ತಿಳಿಯಬೇಕಾದದ್ದು ಇಪ್ಪತ್ತನಾಲ್ಕರಿಂದ ಐವತ್ತು ಗಂಟೆ ಮುಂದಿನದು. ಆ ಓಟದ ಆ ಗಂಟೆಗಳನ್ನು ಮಾತ್ರ ಇಟ್ಟುಕೊಂಡು ನನ್ನ ತಿದ್ದುಪಡಿಯ ಲೆಕ್ಕಕ್ಕೆ ಎಲ್ಲವನ್ನೂ ಮೊದಲಿನಿಂದ ಕಲಿಸಿದೆ. ಪರೀಕ್ಷೆಗೆಂದು ದಿನಗಳನ್ನು ಅಲ್ಲಲ್ಲಿ ಆರಿಸುವುದನ್ನೂ ಬಿಟ್ಟು ಇಡೀ ವಾರಗಳನ್ನೇ ಬೇರ್ಪಡಿಸಿದೆ, ಏಕೆಂದರೆ ನಿನ್ನೆಯ ಗಾಳಿ ಇಂದಿನ ಗಾಳಿಗೆ ಬಹಳ ಹೋಲುತ್ತದೆ; ಪಕ್ಕದ ದಿನವನ್ನು ಮೊದಲೇ ಕಲಿತಿದ್ದರೆ ಪರೀಕ್ಷೆ ತೀರ ಸುಲಭವಾಗಿಬಿಡುತ್ತದೆ.

ಅಲೆಗಳ ವಿಷಯದಲ್ಲಿ ನಾನು ತಿದ್ದಿದ್ದು ಕಡಿಮೆ. ಸ್ಥಳೀಯ ಗಾಳಿ ಎಬ್ಬಿಸಿದ ಅಲೆಯನ್ನೂ ದೂರದಿಂದ ಬಂದ ಅಲೆಯನ್ನೂ ಬೆರೆಸಿ ಒಂದೇ ಎತ್ತರ ಹೇಳುವುದನ್ನು ನಿಲ್ಲಿಸಿ, ಎರಡನ್ನೂ ಬೇರೆಯಾಗಿ, ಅವಧಿಯ (ಒಂದು ಅಲೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಸಮಯದ) ಸಮೇತ ಕೊಡುತ್ತೇನೆ. 16 ಸೆಕೆಂಡ್ ಅವಧಿಯ ಅಲೆಗಳ ಗುಂಪು ಆಳದ ಕಡಲಿನಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರ್ ಸಾಗುತ್ತದೆ. ದಕ್ಷಿಣಕ್ಕೆ 40 ಡಿಗ್ರಿ ಅಕ್ಷಾಂಶದಾಚೆ ಹುಟ್ಟಿದ ಅಂಥ ಅಲೆ ನಮ್ಮ ತೀರ ಮುಟ್ಟಲು ಐದಾರು ದಿನ ಬೇಕಾಗುತ್ತದೆಯಾದ್ದರಿಂದ ಅದರ ಸುಳಿವು ವಾರದ ಮಧ್ಯದಲ್ಲೇ ಸಿಗುತ್ತದೆ.

ಈಗ ಶುಕ್ರವಾರ ಸಂಜೆ ಆರಕ್ಕೆ ಗುಂಪಿಗೆ ಒಂದು ಸಂದೇಶ ಹೋಗುತ್ತದೆ. ಮೇಲ್ಗಡೆ, ಹವಾಮಾನ ಇಲಾಖೆಯ ಅಥವಾ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರದ ಎಚ್ಚರಿಕೆಯೇನಾದರೂ ಇದ್ದರೆ ಅದು, ನನ್ನ ಯಾವ ತಿದ್ದುಪಡಿಯೂ ಇಲ್ಲದೆ; ಅದಿದ್ದ ವಾರ ಯಾರೂ ನೀರಿಗಿಳಿಯುವುದಿಲ್ಲ. ಕೆಳಗೆ ಶನಿವಾರ ಮತ್ತು ಭಾನುವಾರಗಳ ಮೂರು ಮೂರು ಹೊತ್ತುಗಳು, ಆಮೇಲೆ ಅಲೆ. ಅಣ್ಣನಿಗೂ ಅದೇ ಸಂದೇಶ ಹೋಗುತ್ತದೆ. ಭಾನುವಾರ ಹೊರಡುವ ಮುನ್ನ ಅವರ ಅಡುಗೆಮನೆಗೆ ಹೋಗಿ ಆ ವಾರದ ಚೌಕಗಳ ಫೋಟೋ ತೆಗೆದುಕೊಳ್ಳುತ್ತೇನೆ. ಈಗ ಗೋಡೆಯ ಮೇಲಿರುವುದು ಮೂರನೆಯ ಕ್ಯಾಲೆಂಡರ್.