ಫಾರ್ಮ್ಯಾಟ್ ಮಾಡದೆ ಲಾಗಿನ್ ಲೂಪ್ ಬಿಡಿಸಿದ್ದು: ನನ್ನ ಅನುಭವ

ಪಾಸ್‌ವರ್ಡ್ ಸರಿಯಾಗೇ ಇದೆ. ಎಂಟರ್ ಒತ್ತಿದರೆ ಪರದೆ ಒಂದು ಕ್ಷಣ ಕಪ್ಪಾಗುತ್ತೆ, ಮತ್ತೆ ಅದೇ ಲಾಗಿನ್ ಪರದೆ. ಲಿನಕ್ಸ್‌ನ ಉಬುಂಟು, ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ, ಲಾಗಿನ್ ಪರದೆ ತೋರಿಸೋದು ಲೈಟ್‌ಡಿಎಂ. ಈ ಕಾಟ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ, ಪೀಠಿಕೆ ಬೇಡ.

ಕೇಳಿದವರೆಲ್ಲ ಒಂದೇ ಮಾತು: ಡ್ರೈವರ್ ಹೋಗಿದೆ, ಫಾರ್ಮ್ಯಾಟ್ ಹೊಡಿ. ದುಡ್ಡು ಕೊಟ್ಟು ತೋರಿಸಿದ ಒಬ್ಬರು ಎಸ್‌ಎಸ್‌ಡಿನೇ ಬದಲಾಯಿಸಿ ಅಂದರು. ಬರೀ ನೋಡಿದ್ದಕ್ಕೇ ಫೀಸು ಹೋಯಿತು. ಅವರ ಮಾತು ಕೇಳಿದ್ದರೆ ಹೊಸ ಡಿಸ್ಕು, ಬ್ಯಾಕಪ್‌ಗೆ ಇನ್ನೊಂದು ಡಿಸ್ಕು, ಜೊತೆಗೆ ಕೆಲಸ ನಿಂತ ನಷ್ಟ. ನನ್ನ ಫೈಲ್‌ಗಳೆಲ್ಲ ಇರುವ ಹೋಮ್ ಫೋಲ್ಡರ್‌ನಲ್ಲಿ 180 ಜಿಬಿ ಹತ್ತಿರ ಇತ್ತು, ಸುಮ್ನೆ ಒರೆಸೋಕಾಗುತ್ತಾ?

ನಾನು ಒಪ್ಪದೇ ಇದ್ದದ್ದಕ್ಕೆ ಕಾರಣ ಇತ್ತು. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಬರೀ ಅಕ್ಷರಗಳ ಪರದೆಯಾದ ಕನ್ಸೋಲ್‌ನಲ್ಲಿ ಒಳಗೆ ಹೋದೆ, ಹೊಸ ಯೂಸರ್ ಒಂದನ್ನು ಮಾಡಿದೆ, ಆ ಹೆಸರಲ್ಲಿ ಡೆಸ್ಕ್‌ಟಾಪ್ ಆರಾಮಾಗಿ ತೆರೆದುಕೊಂಡಿತು. ಅದೇ ಕರ್ನಲ್, ಅದೇ ಡ್ರೈವರ್, ಅದೇ ಡಿಸ್ಕು. ಅಂದ ಮೇಲೆ ತೊಂದರೆ ನನ್ನ ಹೋಮ್ ಫೋಲ್ಡರ್‌ನಲ್ಲೇ ಇರಬೇಕು ಅಲ್ವಾ? ಇಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಕನ್ಸೋಲ್‌ನಿಂದ ನನ್ನದೇ ಯೂಸರ್‌ನಲ್ಲಿ, ಡೆಸ್ಕ್‌ಟಾಪನ್ನು ನೇರವಾಗಿ ಶುರು ಮಾಡುವ ಸ್ಟಾರ್ಟ್‌ಎಕ್ಸ್ ಆಜ್ಞೆ ಕೊಟ್ಟೆ, ಡೆಸ್ಕ್‌ಟಾಪ್ ಬಂತು! ಡ್ರೈವರ್ ವಾದ ಅಲ್ಲಿಗೆ ಮುಗಿಯಿತು.

ಆದರೆ ಹುಡುಕೋದು ಸಲೀಸಾಗಿರಲಿಲ್ಲ. ಪರದೆ ಬಳಸೋ ಅನುಮತಿ ಇರುವ .ಎಕ್ಸ್‌ಅಥಾರಿಟಿ ಫೈಲ್ ರೂಟ್ (ಅಡ್ಮಿನ್) ಹೆಸರಿಗೆ ಹೋಗಿದ್ದರೂ ಹೀಗೇ ಆಗುತ್ತೆ, ನೋಡಿದೆ, ನನ್ನ ಹೆಸರಲ್ಲೇ ಇತ್ತು. ಡಿಸ್ಕು ತುಂಬಿದರೂ ಹೀಗೇ ಆಗುತ್ತೆ, ಜಾಗ ಬೇಕಾದಷ್ಟಿತ್ತು. .ಕ್ಯಾಶ್ ಖಾಲಿ ಮಾಡಿದೆ. ಆಮೇಲೆ ಸೆಟ್ಟಿಂಗ್‌ಗಳಿರುವ .ಕಾನ್ಫಿಗ್ ಫೋಲ್ಡರ್ ಪೂರ್ತಿ ಪಕ್ಕಕ್ಕೆ ಸರಿಸಿದೆ, ಇದರಲ್ಲಿ ಸಿಕ್ಕೇ ಸಿಗುತ್ತೆ ಅಂತ ಇದ್ದೆ, ಸಿಗಲಿಲ್ಲ. ಉಳಿದದ್ದು ಹೋಮ್‌ನಲ್ಲೇ ನೇರವಾಗಿ ಕೂತಿರುವ ಡಾಟ್ ಫೈಲ್‌ಗಳು (ಹೆಸರು ಚುಕ್ಕೆಯಿಂದ ಶುರುವಾಗುವ, ಮರೆಯಲ್ಲಿರುವ ಫೈಲ್‌ಗಳು), ಒಂದು ಮೂವತ್ತು ಇದ್ದವೇನೋ. ಅರ್ಧ ಸರಿಸು, ಲಾಗಿನ್ ಮಾಡು, ಆಗದಿದ್ದರೆ ಇನ್ನರ್ಧ. ಹೀಗೆ ಅರ್ಧರ್ಧ ಮಾಡುತ್ತಾ ಬಂದರೆ ಬೇಗ ಮುಗಿಯುತ್ತೆ. ಕೊನೆಗೆ ಕೈಗೆ ಸಿಕ್ಕಿದ್ದು .ಪ್ರೊಫೈಲ್, ಲಾಗಿನ್ ಆಗುವಾಗ ಓದಿಸಿಕೊಳ್ಳುವ ಫೈಲು.

ಅದರ ಕೊನೇ ಸಾಲು: ಒಂದು ಚುಕ್ಕೆ, ಒಂದು ಜಾಗ, ಒಂದು ಫೈಲಿನ ವಿಳಾಸ. ಅಂದರೆ ಆ ಫೈಲನ್ನೂ ಓದಿ ನಡೆಸು ಅಂತ. ಯಾವುದೋ ಪ್ರೋಗ್ರಾಮಿಂಗ್ ಟೂಲ್ ಇನ್‌ಸ್ಟಾಲ್ ಆಗುವಾಗ ತಾನೇ ಸೇರಿಸಿದ ಸಾಲು. ಅನ್‌ಇನ್‌ಸ್ಟಾಲ್ ಆಗುವಾಗ ಅದು ತನ್ನ ಫೋಲ್ಡರ್ ಅಳಿಸಿಕೊಂಡು ಹೋಗಿದೆ, ಸಾಲನ್ನು ಮಾತ್ರ ಬಿಟ್ಟಿದೆ. ಕನ್ಸೋಲ್‌ನಲ್ಲಿ ಬ್ಯಾಶ್ ಅನ್ನೋ ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ಇರುತ್ತೆ, ಅದು ಫೈಲ್ ಇಲ್ಲ ಅಂತ ಗೊಣಗಿ ಮುಂದೆ ಹೋಗುತ್ತೆ. ಲೈಟ್‌ಡಿಎಂನ ಸೆಶನ್ ಸ್ಕ್ರಿಪ್ಟ್ ಓಡೋದು ಡ್ಯಾಶ್ ಅನ್ನೋ ಇನ್ನೊಂದು ಶೆಲ್‌ನಲ್ಲಿ. ಚುಕ್ಕೆ ಮುಂದಿನ ಫೈಲ್ ಸಿಗದಿದ್ದರೆ ಡ್ಯಾಶ್ ಅಲ್ಲೇ ನಿಂತುಬಿಡುತ್ತೆ, ಅದರ ಜೊತೆ ಇಡೀ ಸೆಶನ್ ಬೀಳುತ್ತೆ. ಸ್ಟಾರ್ಟ್‌ಎಕ್ಸ್ ದಾರಿಯಲ್ಲಿ ಡ್ಯಾಶ್ ಈ ಫೈಲನ್ನು ಓದೋದೇ ಇಲ್ಲ, ಅದಕ್ಕೇ ಅದು ನಡೆದಿದ್ದು. ಸೆಶನ್‌ನ ತಪ್ಪುಗಳು ದಾಖಲಾಗುವ .ಎಕ್ಸ್‌ಸೆಶನ್-ಎರರ್ಸ್‌ನಲ್ಲಿ ‘ಕ್ಯಾನಾಟ್ ಓಪನ್’ ಅಂತ ಸಾಲು ಇತ್ತು, ಫೀಸು ತಗೊಂಡವರು ಅದನ್ನು ನೋಡಿ ಮಾಮೂಲಿ ಕಸ ಅಂದಿದ್ದರು!

ಈಗ ಅನುಮಾನ ಬಂದರೆ ಮೊದಲು ಹೀಗೆ ಮಾಡುತ್ತೇನೆ: ಎಸ್‌ಎಚ್ (ಇಲ್ಲಿ ಅದು ಡ್ಯಾಶ್‌ಗೇ ಹೋಗುವ ಲಿಂಕು) ಮೈನಸ್ ಸಿ ಕೊಟ್ಟು .ಪ್ರೊಫೈಲ್ ಓದಿಸಿ, ಅದರ ಹಿಂದೆಯೇ ಪರದೆಗೆ ಬರೆಯುವ ಎಕೋದಲ್ಲಿ ಒಂದು ಪದ. ಆ ಪದ ಪರದೆಗೆ ಬರಲಿಲ್ಲ ಅಂದರೆ ಕಳ್ಳ ಸಿಕ್ಕ ಹಾಗೆ. ಮೈನಸ್ ಎನ್ ಹಾಕಿ ಬರೀ ಸಿಂಟ್ಯಾಕ್ಸ್ ನೋಡಿದರೆ ಇದು ಸಿಗಲ್ಲ, ಯಾಕಂದರೆ ಸಾಲಿನಲ್ಲಿ ವ್ಯಾಕರಣ ತಪ್ಪೇನಿಲ್ಲ.

ಕುತೂಹಲಕ್ಕೆ ವರ್ಚುವಲ್ ಮಷಿನ್‌ನಲ್ಲಿ ಆಟ ಆಡಿದೆ. ಎಸ್‌ಎಚ್ ಅನ್ನೋ ಲಿಂಕನ್ನು ಡ್ಯಾಶ್‌ನಿಂದ ಬ್ಯಾಶ್‌ಗೆ ತಿರುಗಿಸಿದರೆ ಸರಿಹೋಗಬಹುದು ಅಂದುಕೊಂಡೆ. ಹೋಗಲಿಲ್ಲ. ಎಸ್‌ಎಚ್ ಹೆಸರಲ್ಲಿ ಕರೆದರೆ ಬ್ಯಾಶ್ ಪೋಸಿಕ್ಸ್ ಮೋಡ್‌ಗೆ (ಶೆಲ್‌ಗಳ ಸಾಮಾನ್ಯ ನಿಯಮ ಪಾಲಿಸುವ ರೀತಿಗೆ) ಹೋಗುತ್ತೆ, ಆಗ ಅದೂ ಹೀಗೇ ಬೀಳುತ್ತೆ. .ಪ್ರೊಫೈಲ್‌ಗೆ ಬೇಕಂತಲೇ ‘ಎಕ್ಸಿಟ್’ ಸೇರಿಸಿದರೂ ಅದೇ ಲೂಪ್.

ರಿಪೇರಿ ಅಂದರೆ ಫೈಲ್ ಇದ್ದರೆ ಮಾತ್ರ ಓದು ಅಂತ ಆ ಸಾಲಿನ ಮುಂದೆ ಒಂದು ಷರತ್ತು, ಅಷ್ಟೇ. ಖರ್ಚು ಸೊನ್ನೆ. ಇದೇ ದಾರಿಯಲ್ಲಿ ಗೆಳೆಯರ ಒಂದೆರಡು ಮಷಿನ್ ಕೂಡ ಎಬ್ಬಿಸಿದೆ, ಡ್ರೈವರ್ ಅಂದಿದ್ದವರದ್ದೂ ಅದರಲ್ಲಿತ್ತು. ಅರ್ಧರ್ಧ ಸರಿಸೋ ಕೆಲಸವನ್ನು ತಾನೇ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಅದು ಯಾವ ಫೈಲಿಂದ ಶುರು ಮಾಡುತ್ತೆ ಅನ್ನೋದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರಾನೇ ಇಟ್ಟುಕೊಳ್ಳುತ್ತೇನೆ.