ಕಾರವಾರದ ಮನೆಯೊಳಗೆ ಸೊರಗಿದ ಆಂಥೂರಿಯಂ: ನಾನು ಮಾಡಿದ್ದು

ಕೆಂಪು ಹೂವಿಗಾಗಿ ಕುಂಡದಲ್ಲಿ ಬೆಳೆಸುವ ಆಂಥೂರಿಯಂ ಗಿಡ ಸೊರಗಿದರೆ ಎಲ್ಲರೂ ಮೊದಲು ಕೇಳುವುದು "ನೀರು ಹಾಕಿಲ್ವಾ?" ಅಂತ. ಕಾರವಾರದಲ್ಲಿ ಅದು ಬಾಯಾರಿ ಸಾಯುವುದು ಅಪರೂಪ. ಬೇರಿಗೆ ಗಾಳಿ ಸಿಗದೆ ಸಾಯುವುದೇ ಜಾಸ್ತಿ.

ನನ್ನ ಕೈಗೆ ಬಂದ ಗಿಡವೂ ಹಾಗೇ ಇತ್ತು. ಅತ್ತಿಗೆಗೆ ಹುಬ್ಬಳ್ಳಿಗೆ ವರ್ಗವಾಯಿತು, ಸಾಮಾನಿನ ಲಾರಿಯಲ್ಲಿ ಇದಕ್ಕೆ ಜಾಗ ಇರಲಿಲ್ಲ. "ನೀನೇ ಇಟ್ಟುಕೊಳ್ಳೇ, ಬದುಕಿದರೆ ಬದುಕಲಿ" ಅಂದರು. ಎಲೆಗಳು ಹಳದಿ, ಕಾಂಡ ಉದ್ದ ಬೆಳೆದು ವಾಲಿತ್ತು, ಹೂವಿನ ಸುದ್ದಿಯೇ ಇಲ್ಲ. ಹೊರಗೆ ಜುಲೈ ಮಳೆ. ಕುಂಡದ ಮಣ್ಣು ಮಾತ್ರ ಮುಟ್ಟಿದರೆ ಪಿಚಕ್ ಅನ್ನುವ ಹಾಗೆ.

ಆಂಥೂರಿಯಂ ಮೂಲ ಕೊಲಂಬಿಯಾ, ಈಕ್ವೆಡಾರ್ ಕಡೆಯ ಮಳೆಕಾಡು. ನಮ್ಮ ಕೆಸು, ಸುವರ್ಣಗಡ್ಡೆಯ ಕುಟುಂಬದ್ದೇ. ಮಳೆಗಾಲದಲ್ಲಿ ಶಿರಸಿ ಕಡೆ ಮರದ ಕವಲಿನಲ್ಲಿ ಪಾಚಿ ಹಿಡಿದು ಬೆಳೆಯುವ ಮರಗೆಸು ನೋಡಿದ್ದೀರಲ್ಲ, ಪತ್ರೊಡೆಗೆ ಕೊಯ್ದು ತರುತ್ತೇವಲ್ಲ, ಅದರ ಬಾಳುವೆ ಹೇಗೋ ಇದರದ್ದೂ ಹೆಚ್ಚುಕಡಿಮೆ ಹಾಗೇ. ಬೇರಿಗೆ ಮಳೆ ತಾಗಬೇಕು, ಆದರೆ ನೀರು ನಿಲ್ಲಬಾರದು. ಅಂಥ ಗಿಡವನ್ನು ನಮ್ಮ ಅಂಟು ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಕಲಸಿ, ಅದರಲ್ಲಿ ನೆಟ್ಟು, ಕೆಳಗೆ ತಟ್ಟೆ ಇಟ್ಟರೆ ಅದೇನು ಮಾಡೀತು?

ಕುಂಡದಿಂದ ಕಿತ್ತು ಬೇರು ತೊಳೆದೆ. ಕಪ್ಪಾದ ಬೇರನ್ನು ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿಯುತ್ತಿತ್ತು. ಅದು ಕೊಳೆತಿದ್ದಕ್ಕೆ ಗುರುತು. ದಪ್ಪಗೆ, ಬೆಳ್ಳಗೆ, ಗಟ್ಟಿಯಾಗಿರುವುದೇ ಜೀವ ಇರುವ ಬೇರು. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಕೆಳಗೆ ಉಳಿದದ್ದು ಬಹಳ ಕಡಿಮೆ. ಆದರೆ ಕಾಂಡದ ಮೇಲ್ಭಾಗದಲ್ಲಿ ಗಾಳಿಯಲ್ಲೇ ಮೂಡಿದ ಮೊಂಡು ಬೇರುಗಳಿದ್ದವು. ಹಾಗಾಗಿ ಆ ಬೇರುಗಳ ಕೆಳಗೆ ಕಾಂಡವನ್ನೇ ತುಂಡು ಮಾಡಿ, ಗಾಯ ಒಣಗಲು ನೆರಳಲ್ಲಿಟ್ಟು, ಮೇಲಿನ ಭಾಗವನ್ನು ಹೊಸ ಗಿಡದ ಹಾಗೆ ನೆಟ್ಟೆ. ಗಾಯಕ್ಕೆ ಅರಿಶಿನ ಹಚ್ಚಿ ಅನ್ನುವವರಿದ್ದಾರೆ, ನಾನು ಹಚ್ಚಲಿಲ್ಲ. ಕೆಳಗಿನ ಮೋಟನ್ನೂ ಬಿಸಾಡಬೇಡಿ, ಗಟ್ಟಿ ಇದ್ದರೆ ಬದಿಯಿಂದ ಚಿಗುರುತ್ತದೆ. ಇದನ್ನು ಮಾಡುವಾಗ ಕೈಗವಸು ಇರಲಿ, ಕೆಸುವಿನ ಹಾಗೆ ಇದರ ರಸವೂ ತುರಿಸುತ್ತದೆ. ಮಗು, ಬೆಕ್ಕು, ನಾಯಿ ಬಾಯಿಗೆ ಹಾಕದ ಹಾಗೆ ಎತ್ತರದಲ್ಲಿಡಿ.

ನೆಟ್ಟದ್ದು ಮಣ್ಣಿನಲ್ಲಲ್ಲ. ತೆಂಗಿನ ಸಿಪ್ಪೆಯ ಸಣ್ಣ ತುಂಡು, ಇದ್ದಿಲು, ಒಡೆದ ಹಂಚಿನ ಚೂರು, ಅಷ್ಟೇ. ಇದ್ದಿಲು ತವರುಮನೆಯ ಬಚ್ಚಲ ಒಲೆಯದ್ದು, ಬೂದಿ ಹೋಗುವಂತೆ ಚೆನ್ನಾಗಿ ತೊಳೆದೆ. ಸಿಪ್ಪೆಯನ್ನು ಹಾಗೇ ಹಾಕಬಾರದು, ಅದರಲ್ಲಿ ಉಪ್ಪು, ಒಗರು ಇರುತ್ತದೆ. ನೀರಲ್ಲಿ ನೆನೆಸಿ, ಚೆಲ್ಲಿ, ಮತ್ತೆ ನೆನೆಸಿ, ಕಂದು ಬಣ್ಣ ತಿಳಿಯಾಗುವ ತನಕ ಮಾಡಬೇಕು. ಕುಂಡ ಚಿಕ್ಕದು, ಬದಿಗೂ ತೂತು ಇರುವ ಮಣ್ಣಿನದು. ಬೇರು ಕಡಿಮೆ ಇರುವಾಗ ದೊಡ್ಡ ಕುಂಡ ಕೊಟ್ಟರೆ ಒಳಗೆ ತೇವ ಆರುವುದೇ ಇಲ್ಲ.

ಎಲೆಗೆ ದಿನಾ ನೀರು ಸಿಂಪಡಿಸಿ, ಪ್ಲಾಸ್ಟಿಕ್ ಚೀಲ ಮುಚ್ಚಿ, ಸಣ್ಣ ಕಲ್ಲು ಹರಡಿದ ತಟ್ಟೆಯಲ್ಲಿ ನೀರು ನಿಲ್ಲಿಸಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಅದೆಲ್ಲ ಒಣ ಹವೆಯ ಊರಿಗೆ ಸರಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗುವುದಿಲ್ಲ, ಹಪ್ಪಳದ ಡಬ್ಬಿ ತೆರೆದಿಟ್ಟರೆ ಮೆತ್ತಗಾಗುತ್ತದೆ, ಇನ್ನು ಗಿಡಕ್ಕೆ ಯಾವ ತೇವ ಬೇಕು? ನಾನು ಮಾಡಿದ್ದು ತಿರುಗಾಮುರುಗಾ. ಸಿಂಪಡಣೆ ಇಲ್ಲ, ತಟ್ಟೆ ಇಲ್ಲ, ಫ್ಯಾನಿನ ಗಾಳಿ ಸ್ವಲ್ಪ ಆಡುವ ಕಡೆ ಇಟ್ಟೆ. ನೇರ ಫ್ಯಾನಿನ ಕೆಳಗಲ್ಲ, ಎಸಿ ಎದುರು ಅಂತೂ ಬೇಡವೇ ಬೇಡ.

ನೀರಿಗೆ ವಾರದ ಲೆಕ್ಕ ಇಟ್ಟುಕೊಳ್ಳಲಿಲ್ಲ. ಕುಂಡ ಎತ್ತಿ ನೋಡುತ್ತೇನೆ. ಹಗುರ ಅನ್ನಿಸಿದರೆ ಸಿಂಕಿನಲ್ಲಿಟ್ಟು ತುಂಬ ನೀರು ಹಾಕಿ, ಎಲ್ಲ ಬಸಿದ ಮೇಲೆ ವಾಪಸ್ಸು. ಏಪ್ರಿಲ್, ಮೇ ಬಂದರೆ ಬೇರೆ ತೊಂದರೆ: ಕಡಲ ಬದಿಯ ಬಾವಿಗಳ ನೀರು ಸವುಳಾಗುತ್ತದೆ. ಆಂಥೂರಿಯಂಗೆ ಉಪ್ಪು ಆಗುವುದಿಲ್ಲ, ಎಲೆಯ ತುದಿ ಸುಟ್ಟ ಹಾಗೆ ಕಂದಾಗುತ್ತದೆ. ಆಗ ಕುಡಿಯುವ ನೀರನ್ನೇ ಕೊಡುತ್ತೇನೆ, ಒಂದು ಗಿಡಕ್ಕೆ ಎಷ್ಟು ಮಹಾ ಬೇಕು.

ಅತ್ತಿಗೆ ಇದನ್ನು ಟಿವಿ ಪಕ್ಕದ ಮೂಲೆಯಲ್ಲಿ ಇಟ್ಟಿದ್ದರು. ಅಲ್ಲಿ ಎಲೆ ಬರಬಹುದು, ಹೂ ಬರುವುದಿಲ್ಲ. ಈಗ ಪೂರ್ವದ ಕಿಟಕಿಯಲ್ಲಿದೆ, ನಡುವೆ ತೆಳು ಪರದೆ. ಮಧ್ಯಾಹ್ನ ಗಿಡದ ಮೇಲೆ ಕೈ ಹಿಡಿದರೆ ಅಂಚು ಮಸುಕಾದ ನೆರಳು ಬೀಳಬೇಕು. ನೆರಳೇ ಇಲ್ಲ ಅಂದರೆ ಬೆಳಕು ಸಾಲದು, ಕಡುಕಪ್ಪು ನೆರಳು ಬಿದ್ದರೆ ಬಿಸಿಲು ಜಾಸ್ತಿ. ಪಶ್ಚಿಮದ ಕಿಟಕಿ ಬೇಡ ಅಂದುಕೊಂಡೆ, ಮಳೆಗಾಲದಲ್ಲಿ ಅಲ್ಲಿಂದ ಕಡಲಿನ ಉಪ್ಪುಗಾಳಿ ಹೊಡೆಯುತ್ತದೆ.

ಹೊಸ ಎಲೆ ಬರುವ ತನಕ ಗೊಬ್ಬರ ಏನೂ ಕೊಡಲಿಲ್ಲ. ಬೇರೇ ಇಲ್ಲದ ಗಿಡಕ್ಕೆ ಗೊಬ್ಬರ ಕೊಟ್ಟು ಏನು ಪ್ರಯೋಜನ? ಮಳೆ ಕಳೆದ ಮೇಲೆ ಕೆಂಪಗಿನ ಎಳೆ ಎಲೆ ಸುರುಳಿ ಬಿಚ್ಚಿತು. ಆಮೇಲೆ 19:19:19 ಅನ್ನುವ, ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರದ ಪುಡಿಯನ್ನು, ಲೀಟರ್ ನೀರಿಗೆ ಅರ್ಧ ಗ್ರಾಂನಷ್ಟು, ಆಗೊಮ್ಮೆ ಈಗೊಮ್ಮೆ. ಈ ಗಿಡದಲ್ಲಿ ಎಲೆಯ ಬುಡದಿಂದಲೇ ಹೂ ಹೊರಡುವುದು, ಹಾಗಾಗಿ ಎಲೆ ಬರದೆ ಹೂ ಕೇಳುವಂತಿಲ್ಲ. ಬೇಸಿಗೆಗೆ ಮುಂಚೆ ಮೊದಲ ಹೂ ಬಂತು, ಚಿಕ್ಕದು. ನಾವು ಹೂ ಅನ್ನುವ ಆ ಕೆಂಪು ಭಾಗ ನಿಜಕ್ಕೂ ಒಂದು ಬಗೆಯ ಎಲೆ, ಹೂಗಳಿರುವುದು ನಡುವಿನ ಕಡ್ಡಿಯ ಮೇಲೆ. ಹಳತಾದ ಮೇಲೆ ಆ ಕೆಂಪು ಭಾಗ ಹಸಿರಾದರೆ ಗಾಬರಿ ಬೇಡ, ಬುಡಕ್ಕೆ ಕತ್ತರಿಸಿ.

ಎಲ್ಲ ಹಳದಿಯೂ ಬೇರಿನ ಕೊಳೆಯಲ್ಲ. ಎಲೆಯ ಅಂಚಿನಲ್ಲಿ ನೀರು ತುಂಬಿದಂಥ ಕಲೆ, ಸುತ್ತ ಹಳದಿ ಉಂಗುರ, ಕಲೆ ಹಿಗ್ಗುತ್ತಾ ಕಪ್ಪಾಗುವುದು ಕಂಡರೆ ಅದು ಬ್ಯಾಕ್ಟೀರಿಯಾದ ಅಂಗಮಾರಿ ಇರಬಹುದು. 1980ರ ದಶಕದಲ್ಲಿ ಹವಾಯಿಯ ಆಂಥೂರಿಯಂ ಬೆಳೆಗಾರರನ್ನು ನೆಲಕಚ್ಚಿಸಿದ್ದು ಇದೇ ರೋಗ. ಕಾಂಡಕ್ಕೆ ಇಳಿದರೆ ಮದ್ದಿಲ್ಲ. ಅಂಥ ಗಿಡವನ್ನು ಕಿತ್ತು, ಗೊಬ್ಬರಗುಂಡಿಗೆ ಹಾಕದೆ, ಚೀಲಕ್ಕೆ ಕಟ್ಟಿ ಕಸಕ್ಕೆ ಕೊಡಿ, ಬ್ಲೇಡನ್ನೂ ಸ್ಪಿರಿಟ್‌ನಲ್ಲಿ ಒರೆಸಿ. ಪಕ್ಕದ ಕುಂಡಗಳನ್ನು ದೂರ ಇಟ್ಟು, ಸ್ವಲ್ಪ ದಿನ ಅವುಗಳ ಎಲೆ ಒದ್ದೆಯಾಗದ ಹಾಗೆ ಬುಡಕ್ಕೆ ಮಾತ್ರ ನೀರು ಹಾಕಿ.